ಎಂಬತ್ತು ಲೀಟರ್ ಸಮುದ್ರದ ಉಪ್ಪಕ್ಕ

ಬೆಳಗಿನ ಐದೂಮುಕ್ಕಾಲು. ಮಕ್ಕಳ ಹಲ್ಲಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಇನ್ನೂ ದೀಪ ಹಾಕಿಲ್ಲ. ಬೀದಿದೀಪದ ಬೆಳಕು ಕಿಟಕಿಯಿಂದ ಇಳಿದು ಹದಿನಾಲ್ಕು ಪುಟ್ಟ ಕುರ್ಚಿಗಳ ಮೇಲೆ ಬಿದ್ದಿದೆ. ಉಪ್ಪಕ್ಕ ರವಿಕೆಯ ತೋಳು ಮೇಲೇರಿಸಿ, ಬಕೆಟ್ ಪಕ್ಕಕ್ಕಿಟ್ಟು ನೆಲ ಒರೆಸುತ್ತಿದ್ದಾರೆ. ದಿನವೂ ಮೊದಲು ಮೀನಿನ ತೊಟ್ಟಿ, ಆಮೇಲೆ ನೆಲ. ಇವತ್ತು ಎಲ್ಲ ತಿರುವುಮುರುವು. ಮೂಲೆಯ ಗಾಜಿನ ತೊಟ್ಟಿಗೆ ಬೆನ್ನು ಮಾಡಿಕೊಂಡು, ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾರೆ.

"ನೋಡ್ಬೇಕು ಅನ್ಸುತ್ತೆ, ಆದ್ರೆ ಕುತ್ತಿಗೆ ತಿರುಗಲ್ಲ," ಎನ್ನುತ್ತಾರೆ. "ನಿನ್ನೆ ಬೆಳಿಗ್ಗೆ ಮಾವನ್ನ ಬಿಡುಗಡೆ ಮಾಡಿದ್ದೀನಿ. ಆಮೇಲೆ ಒಳಗೆ ಏನಾಯ್ತೋ ಏನೋ."

ಈ ಮಾವ ಅವರ ಗಂಡನ ಅಪ್ಪನಲ್ಲ, ಹೆಬ್ಬೆರಳುದ್ದದ ನೀಲಿ ಮೀನು. ಮನೆಗೆ ಯಾರು ಬಂದರೂ ತಪ್ಪು ಹುಡುಕುವ, ಯಾರು ಕೂತರೂ ಅದು ನನ್ನ ಜಾಗ ಎನ್ನುವ ಹಿರಿಯರ ಸ್ವಭಾವ ಅದರದು, ಹಾಗಾಗಿ ಆ ಹೆಸರು. ಈ ಮಾವನ ಸಿಟ್ಟಿನಿಂದಾಗಿ ತೊಟ್ಟಿಯೇ ಎತ್ತಂಗಡಿಯಾಗುವ ಹಂತಕ್ಕೆ ಬಂದಿದೆ. ಡಾಕ್ಟರಮ್ಮ ಕೊಟ್ಟ ನಾಲ್ಕು ವಾರದ ಗಡುವು ಇವತ್ತಿಗೆ ಮುಗಿಯುತ್ತದೆ.

ಉಪ್ಪಕ್ಕನಿಗೆ ಐವತ್ತೆರಡು ವರ್ಷ. ಆಸ್ಪತ್ರೆಯ ದಾಖಲೆಯಲ್ಲಿ ಅವರು ನೆಲ ಒರೆಸುವ ಕೆಲಸದವರು, ಅಷ್ಟೇ. ಮೀನಿನ ತೊಟ್ಟಿಯ ಹೊಣೆ ಯಾವ ಕಾಗದದಲ್ಲೂ ಇಲ್ಲ. ವಾರಕ್ಕೊಮ್ಮೆ ಭುಜಕ್ಕೆ ಉಪ್ಪಿನ ಚೀಲ ನೇತುಹಾಕಿಕೊಂಡು ಮೆಟ್ಟಿಲು ಹತ್ತುವುದನ್ನು ಕಂಡ ಕಾವಲುಗಾರ ತಾತ ಇಟ್ಟ ಅಡ್ಡಹೆಸರೇ ಈಗ ಎಲ್ಲರ ಬಾಯಲ್ಲೂ ನಿಂತಿದೆ. ತೊಟ್ಟಿ ಎಂಬತ್ತು ಲೀಟರಿನದು, ಅಪ್ಪಿ ಹಿಡಿದರೆ ಎರಡು ತೋಳಿನೊಳಗೆ ಬರುವಷ್ಟು. ವಾರಕ್ಕೆ ಎಂಟು ಲೀಟರ್ ಹಳೆ ನೀರು ತೆಗೆಯಬೇಕು, ಎಂಟು ಲೀಟರ್ ಹೊಸದು ಹಾಕಬೇಕು. ಲೀಟರಿಗೆ ಮೂವತ್ತೈದು ಗ್ರಾಂ ಉಪ್ಪು, ಅದೂ ಅಡುಗೆ ಉಪ್ಪಲ್ಲ, ಸಮುದ್ರದ ಮೀನಿಗೆಂದೇ ಮಾರುವ ಉಪ್ಪು. ದಿನವೂ ಆವಿಯಾಗಿ ಇಳಿಯುವ ನೀರಿಗೆ ಮಾತ್ರ ಸಪ್ಪೆ ನೀರು.

"ನೀರು ಹಾರಿಹೋಗುತ್ತೆ, ಉಪ್ಪು ಅಲ್ಲೇ ಕೂತಿರುತ್ತೆ," ಎಂದು ವಿವರಿಸುತ್ತಾರೆ. "ಅದಕ್ಕೂ ಉಪ್ಪು ನೀರೇ ಹಾಕ್ತಾ ಹೋದ್ರೆ ಮೀನು ಉಪ್ಪಿನಕಾಯಿ ಆಗುತ್ತೆ ಅಷ್ಟೇ."

ತೊಂದರೆ ಶುರುವಾದದ್ದು ಎರಡು ತಿಂಗಳ ಹಿಂದೆ. ಮಕ್ಕಳಿಗೆ ಖುಷಿಯಾಗಲಿ ಎಂದು ಡಾಕ್ಟರಮ್ಮ ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು ತಂದು ಬಿಟ್ಟರು. ಉಪ್ಪಕ್ಕ ಅವನ್ನು ದೊಡ್ಡವಳು, ಚಿಕ್ಕವಳು ಎಂದು ಕರೆದರು. ಅಲ್ಲಿಯವರೆಗೆ ಇಡೀ ತೊಟ್ಟಿಯನ್ನು ಒಬ್ಬನೇ ಆಳುತ್ತಿದ್ದ ಮಾವನಿಗೆ ಮೈಯೆಲ್ಲ ಉರಿ. ದೊಡ್ಡವಳು ಹೇಗೋ ತಪ್ಪಿಸಿಕೊಂಡಳು. ಚಿಕ್ಕವಳ ಬಾಲ ಹರಿದು ಚಿಂದಿಯಾಯಿತು. ಅವಳು ನೀರಿನ ಪಂಪಿನ ಹಿಂದೆ ಸೇರಿಕೊಂಡವಳು ಊಟಕ್ಕೂ ಹೊರಗೆ ಬರದಾದಳು. ಅದೇ ಹೊತ್ತಿಗೆ ಪಾಚಿಯೂ ಎದ್ದಿತು. ಕಲ್ಲು, ಮರಳು, ಗಾಜು ಒಂದನ್ನೂ ಬಿಡದೆ ಕೂದಲಿನಂಥ ಹಸಿರು ಹಬ್ಬಿ, ಒಳಗೆ ಮೀನಿದೆಯೋ ಇಲ್ಲವೋ ಎಂದು ಇಣುಕಿ ನೋಡುವ ಹಾಗಾಯಿತು.

ಒಂದು ದಿನ, ಹಲ್ಲು ಕೀಳಿಸಿಕೊಳ್ಳಲು ಬಂದ ಪುಟ್ಟ ಹುಡುಗಿಯೊಬ್ಬಳು ಗಾಜಿಗೆ ಮೂಗು ಒತ್ತಿ, ಚಿಕ್ಕವಳ ಬಾಲ ನೋಡಿ, "ಡಾಕ್ಟರ್ ಆಂಟಿ ಇದನ್ನೂ ಕಿತ್ತರಾ?" ಎಂದು ಕೇಳಿದಳು. ಅಲ್ಲಿಗೆ ಮುಗಿಯಿತು. ಸಾಲಾಗಿ ಕೂತಿದ್ದ ನಾಲ್ಕು ಮಕ್ಕಳು ರಾಗ ತೆಗೆದರು, ಇಬ್ಬರು ಒಳಗೆ ಹೋಗಲು ಸುತಾರಾಂ ಒಪ್ಪಲಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಬಂದ ಡಾಕ್ಟರಮ್ಮ, ಇನ್ನೂ ಕೆಲಸದಲ್ಲಿದ್ದ ಉಪ್ಪಕ್ಕನನ್ನು ಕರೆದರು. ನೀಲಿ ಮೀನನ್ನು ಅಂಗಡಿಗೆ ಕೊಟ್ಟುಬಿಡೋಣ, ತೊಟ್ಟಿ ತೆಗೆದು ಟಿ.ವಿ. ಹಾಕೋಣ ಎಂದರು.

ಆಗ ಉಪ್ಪಕ್ಕ ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತನ್ನು ಹೊರಗೆ ಹಾಕಿದರು.

ಒಂಬತ್ತು ವರ್ಷದ ಹಿಂದೆ ತೊಟ್ಟಿ ನೋಡಿಕೊಳ್ಳುತ್ತಿದ್ದವನು ಹೇಳದೆ ಕೇಳದೆ ಬರುವುದು ನಿಲ್ಲಿಸಿದ. ಕಲ್ಲುಗಳು ಕಂದುಬಣ್ಣಕ್ಕೆ ತಿರುಗಿದ್ದವು. ಕೊಳೆ ಕಂಡರೆ ಕೈ ಸುಮ್ಮನಿರದ ಉಪ್ಪಕ್ಕ ಅವನ್ನೆಲ್ಲ ಹೊರಗೆ ತೆಗೆದು, ಬಿಸಿನೀರಿನಲ್ಲಿ ನೆನೆಸಿ, ಬ್ರಶ್ ಹಾಕಿ ಉಜ್ಜಿ, ಬೆಳ್ಳಗೆ ಮಾಡಿ ವಾಪಸ್ ಜೋಡಿಸಿದರು. ಆ ಕಂದು ಕಲ್ಲಿನಲ್ಲೇ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಮೀನಿನ ಹೊಲಸನ್ನು ತಿಂದು ನೀರನ್ನು ಬದುಕಿಸುವುದು ಅವೇ ಎಂದು ಅವರಿಗೆ ಹೇಳಿದವರು ಯಾರು? ಮೂರು ದಿನದಲ್ಲಿ ಆರು ಮೀನಿನಲ್ಲಿ ಐದು ಸತ್ತವು.

"ಅಷ್ಟು ಬೆಳ್ಳಗೆ ನಮ್ಮನೆ ಪಾತ್ರೆನೂ ಇರ್ಲಿಲ್ಲ," ಎನ್ನುವಾಗ ಉಪ್ಪಕ್ಕನ ದನಿ ಇಳಿಯುತ್ತದೆ. "ಎಲ್ಲರೂ ಮೀನು ಅಂದ್ಮೇಲೆ ಸಾಯುತ್ತೆ ಬಿಡು ಅಂದ್ರು. ಕೊಂದಿದ್ದು ನಾನು ಅಂತ ನನಗೊಬ್ಬಳಿಗೇ ಗೊತ್ತಿತ್ತು."

ಉಳಿದದ್ದು ನೀಲಿ ಮೀನೊಂದೇ. ಅದನ್ನು ಬಕೆಟ್ಟಿನಲ್ಲಿಟ್ಟು ಮನೆಗೆ ಒಯ್ದು, ಬೆಳಿಗ್ಗೆ ಸಂಜೆ ಉಪ್ಪುನೀರು ಬದಲಿಸುತ್ತಾ ಇಪ್ಪತ್ತು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಉಪ್ಪುನೀರಿನ ಮೀನು ಮಾರುವ ಅಂಗಡಿಗೆ ಹೋಗಿ, ಏನೂ ಕೊಳ್ಳದೆ, ಅಂಗಡಿಯವರು ಬೇಸತ್ತು ಉತ್ತರ ಕೊಡುವವರೆಗೂ ಪ್ರಶ್ನೆ ಕೇಳಿದರು. ಅವರು ಕಲಿತ ವಿದ್ಯೆಯೆಲ್ಲ ಹೀಗೆ ಬಂದದ್ದು. ಈ ಕತೆ ಕೇಳಿದ ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕು ವಾರ, ಅಷ್ಟರಲ್ಲಿ ಸರಿಹೋಗದಿದ್ದರೆ ಎರಡೂ ಹೋಗುತ್ತವೆ, ಮೀನೂ ತೊಟ್ಟಿಯೂ, ಎಂದರು.

ಉಪ್ಪಕ್ಕ ಮೊದಲು ಕೈಹಾಕಿದ್ದು ಪಾಚಿಗೆ. ನಾಲ್ಕು ತಿಂಗಳು ಬರಬೇಕಾದ ಮೀನಿನ ಆಹಾರದ ಡಬ್ಬಿ ಐದು ವಾರಕ್ಕೇ ಖಾಲಿಯಾಗಿತ್ತು. ತಿಂದು ಉಳಿದದ್ದು ಕೊಳೆತರೆ ಪಾಚಿಗೆ ಅದೇ ಗೊಬ್ಬರ. ವಿಚಾರಿಸಿದರೆ, ಚೀಟಿ ಬರೆಯುವ ಹುಡುಗಿ ಬೆಳಿಗ್ಗೆ ಬಂದ ಕೂಡಲೇ ಒಂದು ಚಿಟಿಕೆ ಹಾಕುತ್ತಿದ್ದಳು, ಕಾವಲುಗಾರ ತಾತ ಸಂಜೆ ಒಂದು ಚಿಟಿಕೆ. ಇಬ್ಬರದೂ ಒಂದೇ ಮಾತು, ಪಾಪ, ಬಾಯಿ ಬಾಯಿ ಬಿಡ್ತಿದ್ದವು. ತೊಟ್ಟಿಯ ದೀಪವೂ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರವರೆಗೆ ಉರಿಯುತ್ತಿತ್ತು, ಪಾಚಿಗೆ ಇನ್ನೇನು ಬೇಕು.

ಉಪ್ಪಕ್ಕ ದೀಪಕ್ಕೆ ಟೈಮರ್ ಹಾಕಿ, ಹನ್ನೊಂದರಿಂದ ಐದರವರೆಗೆ ಮಾತ್ರ ಉರಿಯುವಂತೆ ಮಾಡಿದರು. ಆಮೇಲೆ ಮನೆಯಿಂದ ಏಳು ಗೂಡಿನ ಮಾತ್ರೆ ಡಬ್ಬಿ ತಂದರು. ಗೂಡಿಗೊಂದು ದಿನ, ದಿನಕ್ಕೊಂದು ಚಿಟಿಕೆ. ಆ ದಿನದ ಗೂಡು ಖಾಲಿಯಿದ್ದರೆ ಮೀನಿಗೆ ಊಟವಾಗಿದೆ ಎಂದರ್ಥ, ಕೈ ಹಿಂದಕ್ಕೆ.

ಬುಧವಾರ ಬೆಳಿಗ್ಗೆ ಬಂದು ನೋಡಿದರೆ ಬುಧವಾರದ ಗೂಡು ಆಗಲೇ ಖಾಲಿ, ಗುರುವಾರದ್ದೂ ಖಾಲಿ. ಹುಡುಗಿ ಆಣೆ ಇಟ್ಟಳು, ತಾತ ತಲೆ ಮೇಲೆ ಕೈಯಿಟ್ಟರು. ಏಳಕ್ಕೆ ಡಾಕ್ಟರಮ್ಮ ಬಂದಾಗ ಉಪ್ಪಕ್ಕ ಡಬ್ಬಿ ಹಿಡಿದೇ ನಿಂತಿದ್ದರು.

"ಡಾಕ್ಟ್ರೇ, ಗುರುವಾರದ ಊಟ ಮಂಗಳವಾರಾನೇ ಮುಗಿದುಹೋಗಿದೆಯಲ್ಲ?"

ಡಾಕ್ಟರಮ್ಮನ ಕಿವಿ ಕೆಂಪಾಯಿತು. "ಮಧ್ಯಾಹ್ನ ನಾನು ಊಟಕ್ಕೆ ಕೂತಾಗ ಅವು ನನ್ನನ್ನೇ ನೋಡ್ತವೆ ಕಣ್ರೀ. ಮನಸ್ಸು ತಡೆಯಲ್ಲ."

ಊಟದ ನಡುವೆ ಏನೂ ತಿನ್ನಬೇಡಿ ಎಂದು ದಿನಕ್ಕೆ ಮೂವತ್ತು ಮಕ್ಕಳಿಗೆ ಬುದ್ಧಿ ಹೇಳುವವರು ಇವರೇ. ಉಪ್ಪಕ್ಕ ನಗಲಿಲ್ಲ. ಆಸ್ಪತ್ರೆಯ ಪುಟ್ಟ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು.

ಅಂದಿನಿಂದ ಕಳ್ಳ ಊಟ ಬಂದ್. ಆಸ್ಪತ್ರೆಯಲ್ಲಿ ಮಿಕ್ಕ ಮಕ್ಕಳ ಹಲ್ಲುಜ್ಜುವ ಬ್ರಶ್‌ಗಳೇ ಆಯುಧವಾದವು. ದಿನಕ್ಕೆ ಅರ್ಧ ಗಂಟೆ, ಪಾಚಿಯನ್ನು ಬ್ರಶ್ಶಿಗೆ ಸುತ್ತಿ ಸುತ್ತಿ ಎಳೆದರು. ನೀರು ವಾರಕ್ಕೆರಡು ಸಲ ಬದಲಾಯಿತು. ಪಾಚಿ ಮೇಯುವ ಮೂರು ಬಸವನಹುಳು ಬಂದವು. ಮೂರನೇ ವಾರಕ್ಕೆ ಗಾಜಿನಾಚೆಯ ಗೋಡೆ ಕಾಣಿಸಿತು.

ಮಾವನದು ಬೇರೆಯೇ ಕತೆ. ಉಪ್ಪಕ್ಕನ ಗಂಡ ಕ್ಷೌರದಂಗಡಿ ಇಟ್ಟವರು, ಮಾತು ಕಡಿಮೆ, ಕೈ ಚುರುಕು. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಕಾದ ಮೊಳೆಯಿಂದ ಅರವತ್ತು ತೂತು ಚುಚ್ಚಿ ಕೊಟ್ಟರು. ಅದನ್ನು ನೀರೊಳಗೆ ತೂಗುಹಾಕಿ, ಊಟದ ಆಸೆ ತೋರಿಸಿ ಮಾವನನ್ನು ಕೂಡಿ ಹಾಕಿದ್ದಾಯಿತು. ಎಲ್ಲರೂ ಕಣ್ಣಿಗೆ ಕಾಣಬೇಕು, ಯಾರಿಗೂ ಬಾಯಿ ಹಾಕುವಂತಿರಬಾರದು. ಹತ್ತು ದಿನದಲ್ಲಿ ಚಿಕ್ಕವಳ ಬಾಲ ಚಿಗುರಿತು. ಹನ್ನೊಂದನೇ ದಿನ ಬಾಗಿಲು ತೆಗೆದರೆ, ಮಾವ ನೆಟ್ಟಗೆ ತನ್ನ ಹಳೆ ಕಲ್ಲಿನ ಸಂದಿಗೆ ಹೋಗಿ, ಒಮ್ಮೆ ಸುತ್ತ ನೋಡಿ, ಚಿಕ್ಕವಳನ್ನು ಮತ್ತೆ ಅಟ್ಟಿಸಿಕೊಂಡು ಹೊರಟ! ಮತ್ತೆ ಡಬ್ಬಿ, ಮತ್ತೆ ಸೆರೆ.

ಆ ಸಂಜೆ ಅವರ ಸಪ್ಪೆ ಮುಖ ನೋಡಿ ಗಂಡ ಬಾಯಿಬಿಟ್ಟರು. "ನನ್ನ ಅಂಗಡೀಲೂ ಕಿಟಕಿ ಪಕ್ಕದ ಕುರ್ಚಿಗೆ ಇಬ್ಬರು ದಿನಾ ಕಿತ್ತಾಡೋರು. ಸುಣ್ಣ ಹೊಡೆಸಿದಾಗ ಕುರ್ಚಿಗಳನ್ನೆಲ್ಲ ಬೇರೆ ಕಡೆ ಹಾಕ್ದೆ. ಅವತ್ತಿಂದ ಜಗಳ ಇಲ್ಲ. ಯಾವುದು ಯಾರದ್ದು ಅಂತ ಅವರಿಗೇ ಮರೆತುಹೋಯ್ತು."

ಅದು ಉಪ್ಪಕ್ಕನಿಗೆ ಗೊತ್ತಿರದ ಉಪಾಯವೇನಲ್ಲ. ಅಂಗಡಿಯವರೂ ಹೇಳಿದ್ದರು, ಕಲ್ಲು ಬದಲಿಸಿ ನೋಡಿ ಎಂದು. ಆದರೆ ಕಲ್ಲು ಎಂದರೆ ಅವರಿಗೆ ಭಯ. ಒಂಬತ್ತು ವರ್ಷದಿಂದ ಒಂದು ಕಲ್ಲನ್ನೂ ಎತ್ತಿರಲಿಲ್ಲ, ಇದ್ದಲ್ಲೇ ಉಜ್ಜುತ್ತಿದ್ದರು ಅಷ್ಟೇ.

ಮೊನ್ನೆ ಗುರುವಾರ ಬೆಳಿಗ್ಗೆ ಗಂಡ ಅಂಗಡಿ ತೆರೆಯುವ ಮೊದಲು ಜೊತೆಗೆ ಬಂದರು. ತೊಟ್ಟಿಯದೇ ಉಪ್ಪುನೀರು ತುಂಬಿದ ಬಕೆಟ್ ಹಿಡಿದು ನಿಂತರು. ಉಪ್ಪಕ್ಕ ಒಂದೊಂದೇ ಕಲ್ಲು ಎತ್ತಿ ಬಕೆಟ್ಟಿಗೆ ಇಳಿಸಿದರು, ಬೇರೆ ಜಾಗದಲ್ಲಿ ಕೂರಿಸಿದರು. ಉಜ್ಜಲಿಲ್ಲ, ತೊಳೆಯಲಿಲ್ಲ, ಬಿಸಿನೀರಿನ ನಲ್ಲಿಯ ಕಡೆ ತಿರುಗಿಯೂ ನೋಡಲಿಲ್ಲ. ಒಟ್ಟು ಹನ್ನೊಂದು ಕಲ್ಲು. ಗಂಡ ಹೆಗಲ ಚೀಲದಿಂದ ಇನ್ನೊಂದು ವಸ್ತು ತೆಗೆದರು, ಗಿರಾಕಿಗೆ ಹಿಂದಲೆ ತೋರಿಸುವ ಕೈಗನ್ನಡಿ. ಅದನ್ನು ತೊಟ್ಟಿಯ ಎಡಗಡೆ ಹೊರಗಿನಿಂದ ಅಂಟಿಸಿದರು. ಶುಕ್ರವಾರ ಬೆಳಿಗ್ಗೆ ಡಬ್ಬಿಯ ಬಾಗಿಲು ತೆರೆದಾಗ ಮಾವನಿಗೆ ತನ್ನ ಸಂದಿ ಎಲ್ಲೆಂದೇ ತಿಳಿಯಲಿಲ್ಲ. ದಿಕ್ಕೆಟ್ಟು ಸುತ್ತಾಡಿ ಕನ್ನಡಿಯ ಮುಂದೆ ನಿಂತ. ಅಲ್ಲಿ ಇನ್ನೊಬ್ಬ ಮಾವ! ಅವನೊಂದಿಗೆ ಮುಕ್ಕಾಲು ಗಂಟೆ ಜಗಳವಾಡಿ ಸುಸ್ತಾದ. ಏಳೂವರೆಗೆ ಉಪ್ಪಕ್ಕ ಬೇರೆ ಕಚೇರಿಗಳ ಕೆಲಸಕ್ಕೆ ಹೊರಡಲೇಬೇಕಿತ್ತು. ಮುಂದಿನದು ಅವರು ನೋಡಿಲ್ಲ.

ಹಾಗಾಗಿಯೇ ಈ ಶನಿವಾರ ಕುತ್ತಿಗೆ ತಿರುಗುತ್ತಿಲ್ಲ.

ನೆಲ ಒರೆಸಿಯಾಗಿದೆ. ಇನ್ನು ನೆಪವಿಲ್ಲ. ಉಪ್ಪಕ್ಕ ಟಾರ್ಚ್ ಹಿಡಿದು ತೊಟ್ಟಿಯ ಮುಂದೆ ಕುಕ್ಕುರುಗಾಲಿನಲ್ಲಿ ಕೂರುತ್ತಾರೆ. ನೀರು ತಿಳಿಯಾಗಿದೆ. ಬಲಗಡೆ ದೊಡ್ಡವಳು, ಒಂದು. ಕನ್ನಡಿಯ ಹತ್ತಿರ ಮಾವ, ಎರಡು. ಚಿಕ್ಕವಳಿಲ್ಲ. ಟಾರ್ಚ್ ಪಂಪಿನ ಹಿಂದೆ ಹೋಗುತ್ತದೆ, ಇಲ್ಲ. ಮರಳಿನ ಮೇಲೆ ಹರಿದಾಡುತ್ತದೆ, ಇಲ್ಲ. ಎದ್ದು ನಿಂತು ಮೇಲಿನಿಂದ ಇಣುಕುತ್ತಾರೆ. ಈಗ ನಡುಮಧ್ಯೆ ಮಲಗಿರುವ ಮಾವನ ಹಳೆಯ ಕಲ್ಲಿನ ಸಂದಿಯಿಂದ ಒಂದು ಕಿತ್ತಳೆ ಮೂತಿ ನಿಧಾನಕ್ಕೆ ಹೊರಬರುತ್ತದೆ. ಆಮೇಲೆ ಪಟ್ಟಿ. ಆಮೇಲೆ ಹೊಸದಾಗಿ ಚಿಗುರಿದ ಬಾಲ, ಪೂರ್ತಿ.

ಮಾವ ಅವಳ ಪಕ್ಕದಲ್ಲೇ ಹಾದುಹೋಗುತ್ತಾನೆ. ಒಮ್ಮೆ ತಿರುಗಿ ನೋಡುತ್ತಾನೆ, ತನಗೇನೋ ಬೇರೆ ಕೆಲಸವಿರುವಂತೆ ಮುಂದೆ ಹೋಗುತ್ತಾನೆ.

"ಮೂರು," ಎನ್ನುತ್ತಾರೆ ಉಪ್ಪಕ್ಕ. ಹೇಳಿದವರೇ ಅಲ್ಲೇ ನೆಲದ ಮೇಲೆ ಕೂತು, ಒದ್ದೆ ಕೈಯಲ್ಲೇ ಮುಖ ಮುಚ್ಚಿಕೊಂಡು ಅಳುತ್ತಾರೆ, ನಗುತ್ತಾರೆ.

ಏಳಕ್ಕೆ ಡಾಕ್ಟರಮ್ಮ ಬರುತ್ತಾರೆ. ತೊಟ್ಟಿಯ ಮುಂದೆ ಬಗ್ಗಿ ಮೂರು ಮೀನನ್ನೂ ಎಣಿಸುತ್ತಾರೆ. ಅಭ್ಯಾಸಬಲದಿಂದ ಕೈ ಮಾತ್ರೆ ಡಬ್ಬಿಯತ್ತ ಹೋಗಿ ವಾಪಸಾಗುತ್ತದೆ. "ಟಿ.ವಿ. ಬೇಡ ಬಿಡಿ," ಎನ್ನುತ್ತಾರೆ. "ಎರಡೂ ಇಲ್ಲೇ ಇರಲಿ, ತೊಟ್ಟಿನೂ ನಿಮ್ಮ ಮಾವನೂ. ಈಗ ನಿಮಗೇನು ಬೇಕು ಹೇಳಿ, ಸಂಕೋಚ ಬೇಡ."

ಉಪ್ಪಕ್ಕ ಬಕೆಟ್ಟಿನ ಹಿಡಿ ತಿರುವುತ್ತಾ ಯೋಚಿಸುತ್ತಾರೆ. "ಒಂಬತ್ತು ವರ್ಷ ಆಯ್ತು, ದೀಪ ಹಾಕಿದ ಮೇಲೆ ಇದು ಹೇಗೆ ಕಾಣುತ್ತೆ ಅಂತ ನಾನು ನೋಡೇ ಇಲ್ಲ. ದೀಪ ಬರೋದ್ರೊಳಗೆ ನಾನು ಹೊರಟಿರ್ತೀನಿ. ಮಕ್ಕಳು ಕೂತು ನೋಡ್ತಾರಲ್ಲ, ಅವರ ಜೊತೆ ಒಂದು ಗಳಿಗೆ ಕೂರ್ಬೇಕು. ಹಲ್ಲುನೋವು ಅಂತ ಚೀಟಿ ಮಾಡಿಸ್ಕೊಂಡು ಬರೋಣ ಅಂದ್ರೆ, ನನ್ನ ಹಲ್ಲು ಎಲ್ಲಾ ಗಟ್ಟಿ ಇವೆ. ವಯಸ್ಸೂ ಜಾಸ್ತಿ."

ಡಾಕ್ಟರಮ್ಮ ಮೇಜಿನ ಬಳಿ ಹೋಗಿ, ರೋಗಿಗಳಿಗೆ ಕೊಡುವ ಚೀಟಿಯನ್ನೇ ತೆಗೆದು ಬರೆಯುತ್ತಾರೆ. ಹೆಸರು, ಉಪ್ಪಕ್ಕ. ದಿನ, ಮುಂದಿನ ವಾರ, ಕಚೇರಿಗಳಿಗೆ ರಜೆಯಿರುವ ಎರಡನೇ ಶನಿವಾರ. ಸಮಯ, ಹನ್ನೊಂದೂವರೆ. ತೊಂದರೆ ಎಂದು ಅಚ್ಚಾಗಿರುವ ಗೆರೆಯ ಮುಂದೆ ಪೆನ್ನು ಸ್ವಲ್ಪ ನಿಂತು, ಎರಡು ಪದ ಬರೆಯುತ್ತದೆ: 'ಏನೂ ಇಲ್ಲ'.

ಉಪ್ಪಕ್ಕ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುತ್ತಾರೆ, ಇನ್ನೊಮ್ಮೆ ಓದುತ್ತಾರೆ. ನಾಲ್ಕಾಗಿ ಮಡಚಿ ಪರ್ಸಿನೊಳಗೆ ಇಡುತ್ತಾರೆ.

"ಒಂಬತ್ತು ವರ್ಷಕ್ಕೆ, ತೊಂದರೆ ಏನೂ ಇಲ್ಲ ಅನ್ನೋ ಮಾತು ಬರವಣಿಗೇಲಿ ಸಿಕ್ತು ನೋಡಿ," ಎಂದು ಬಕೆಟ್ ಎತ್ತಿಕೊಳ್ಳುತ್ತಾರೆ.