ಖಂಡೆಪೂಜೆಗೆ ತಿಕ್ಕಿದ ರೈಲು

ಆ ದಿನಗಳಲ್ಲಿ ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳು ನಡೆಯುತ್ತಿದ್ದರೆ ಯಾರಿಗೂ ಸದ್ದು ಕೇಳಿಸುತ್ತಿರಲಿಲ್ಲ. ಅವು ನಿಂತಾಗ ಮಾತ್ರ ಎಲ್ಲರೂ ಬೆಚ್ಚಿ ತಲೆ ಎತ್ತುತ್ತಿದ್ದರು. ಕರೆಂಟು ಹೋದ ಕೂಡಲೇ ತೊಟ್ಟಿಲಲ್ಲಿ ಮಲಗಿದ್ದ ಕೂಸುಗಳು ಎದ್ದು ಅಳುತ್ತಿದ್ದವು. ಅಂಥ ಓಣಿಯಲ್ಲಿ ಬೆಳೆದವರಿಗೆ ಯಂತ್ರದ ಎಣ್ಣೆ ಮತ್ತು ಗಂಜಿ ಹಚ್ಚಿದ ನೂಲಿನ ವಾಸನೆಯನ್ನು ನಾನು ಬಣ್ಣಿಸಬೇಕಾಗಿಲ್ಲ.

ನನ್ನ ಅಪ್ಪ ಮಗ್ಗ ರಿಪೇರಿ ಮಾಡುತ್ತಿದ್ದರು. ಆದರೆ ಪಡಸಾಲೆಯಲ್ಲಿದ್ದ ಅವರ ಮೇಜಿನ ಮೇಲೆ ಊರವರ ಹಳೆಯ ಗಡಿಯಾರ, ಹೊಲಿಗೆ ಯಂತ್ರ, ರೇಡಿಯೊಗಳೇ ಹೆಚ್ಚು ಇರುತ್ತಿದ್ದವು. ನಾನು ಐದನೆಯ ತರಗತಿಯಲ್ಲಿದ್ದಾಗ, ದಸರೆಗೆ ಮೂರು ವಾರ ಮೊದಲು, ಆ ಮೇಜಿನ ಮೇಲೆ ಒಂದು ರೈಲು ಎಂಜಿನ್ ಬಂದು ಕುಳಿತಿತು. ಒಂದು ಗೇಣು ಉದ್ದದ ತಗಡಿನ ಆಟಿಕೆ. ಕಪ್ಪು ಮೈ, ಕೆಂಪು ಗಾಲಿ, ಕೀಲಿ ಕೊಡಲು ಪಕ್ಕದಲ್ಲೊಂದು ತೂತು. ನಮ್ಮ ಊರಿಗೆ ರೈಲಿರಲಿಲ್ಲ. ಕುಡಚಿಗೆ ಹೋಗಿ ಬಂದವರಷ್ಟೇ ರೈಲು ಕಂಡಿದ್ದರು. ನಾನು ಕಂಡ ಮೊದಲ ರೈಲು ಅದೇ.

ಅದನ್ನು ತಂದವರು ಜಮಖಂಡಿಯ ಒಬ್ಬ ನಿವೃತ್ತ ಶಿಕ್ಷಕಿ. ಎಲ್ಲರೂ ಅವರನ್ನು ಅಕ್ಕಾರು ಎಂದೇ ಕರೆಯುತ್ತಿದ್ದರು. ಅವರು ಚಿಕ್ಕವರಿದ್ದಾಗ ಅವರ ತಂದೆ ಮುಂಬಯಿಯಿಂದ ತಂದುಕೊಟ್ಟದ್ದಂತೆ. “ಓಡಿದ್ರ ಸಾಕ್ರಿ ಮಲ್ಲಪ್ಪಾರ. ಮ್ಯಾಲಿನ ಬಣ್ಣಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ” ಎಂದು ಅಪ್ಪನಿಗೆ ಹೇಳಿ ಹೋಗಿದ್ದರಂತೆ. ಆ ಹೊತ್ತಿಗೆ ನಾನು ಶಾಲೆಯಲ್ಲಿದ್ದೆ.

ಒಳಗಿನ ಎಣ್ಣೆ ಹಳೆಯ ಬೆಲ್ಲದಂತೆ ಗಟ್ಟಿಯಾಗಿತ್ತು. ಅಪ್ಪ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒಂದೊಂದೇ ಹಲ್ಲುಗಾಲಿಯನ್ನು ತೊಳೆದರು. ಸ್ಪ್ರಿಂಗ್ ಒಳತುದಿಯಲ್ಲಿ ಮುರಿದಿತ್ತು. ಆ ತುದಿಯನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ನಿಧಾನವಾಗಿ ಆರಿಸಿ, ಹೊಸ ತೂತು ಕೊರೆದು ಕೊಂಡಿಗೆ ಸಿಗಿಸಿದರು. ಎರಡು ಸಲ ಅದು ಸಿಡಿದು ಅವರ ಹೆಬ್ಬೆರಳನ್ನು ಸೀಳಿತು. ಮೂರನೆಯ ಸಲ ನಿಂತಿತು.

ಮರುದಿನವೇ ನವಮಿ, ಆಯುಧಪೂಜೆಗೆ ನಮ್ಮ ಕಡೆ ಹೇಳುವ ಖಂಡೆಪೂಜೆ. ಪಾನಾ, ಇಕ್ಕಳ, ಸುತ್ತಿಗೆಗಳನ್ನೆಲ್ಲ ತಿಕ್ಕಿ ತೊಳೆದು ಪೂಜೆಗಿಡಬೇಕು. ಇಟ್ಟದ್ದನ್ನು ದಶಮಿಯ ಸಂಜೆ ಬನ್ನಿ ಕೊಡುವವರೆಗೆ ಯಾರೂ ಮುಟ್ಟಬಾರದು. ಇದು ನಮ್ಮ ಮನೆಯ ಕಟ್ಟುನಿಟ್ಟು. “ಅಪ್ಪನ ಸಾಮಾನ ಎಲ್ಲಾ ಲಕಲಕ ಆಗಬೇಕ ನೋಡವಾ” ಎಂದು ಅವ್ವ ನನಗೆ ತೆಂಗಿನ ನಾರು ಕೊಟ್ಟಳು. ನೂಲು ಕುದಿಸುವ ಸೋಡಾವನ್ನು ನೀರಿಗೆ ಹಾಕಿಕೊಂಡದ್ದು ಮಾತ್ರ ನನ್ನದೇ ಜಾಣತನ. ರೈಲೂ ಅಪ್ಪನ ಮೇಜಿನದೇ ಅಲ್ಲವೇ? ಅದರ ಕಿಟಕಿಯ ಕೆಳಗೆ ಹಳದಿ ಗೀಚುಗಳಿದ್ದವು, ಜಿಡ್ಡೆಂದುಕೊಂಡೆ. ಅಷ್ಟು ಜಾಗವನ್ನು ತಗಡು ಮಿನುಗುವವರೆಗೆ ತಿಕ್ಕಿದೆ. ನನಗೆ ಹೆಮ್ಮೆಯೂ ಆಯಿತು. ಅವ್ವ ಬಂದು ವಿಭೂತಿ ಹಚ್ಚಿ, ಚೆಂಡುಹೂವಿನ ದಪ್ಪ ಮಾಲೆ ಹಾಕಿದಳು, ಆ ಜಾಗ ಅದರಡಿ ಮುಚ್ಚಿಹೋಯಿತು.

ಪೂಜೆ ಮುಗಿದ ಮೇಲೆ ಪಕ್ಕದ ಮನೆಯ ಈರಪ್ಪ ಕಾಕಾ ಪ್ರಸಾದಕ್ಕೆ ಬಂದರು.

“ಕುಡಚಿತನಕ ನನ್ನೂ ಕೂಡ್ರಿಸ್ಕೋ ಮಲ್ಲಪ್ಪ.”

“ನಿನ್ನ ಹೊಟ್ಟಿಗೆ ಮಾಲಗಾಡೀನs ಬೇಕಲೇ” ಎಂದು ಅಪ್ಪ ನಕ್ಕರು. ಆಮೇಲೆ ದನಿ ತಗ್ಗಿಸಿ ಹೇಳಿದರು: “ಅದರ ಮ್ಯಾಲೆ ಹಳದಿ ಅಕ್ಷರ ಅದಾವ ನೋಡು, ಮೋಡಿ ಲಿಪಿ. ಅಕ್ಕಾರ ಹೆಸರು. ಅವರ ಅಪ್ಪಾರು ತಮ್ಮ ಕೈಲೆ ಬರದದ್ದು. ಅದಕ್ಕs ಬಣ್ಣ ಮುಟ್ಟಬ್ಯಾಡ ಅಂದಾರ.”

ಹಿಂದೆ ಮರಾಠಿಯನ್ನು ಮೋಡಿ ಎಂಬ ಲಿಪಿಯಲ್ಲಿ ಬರೆಯುತ್ತಿದ್ದರೆಂಬುದು ನನಗೆ ಆ ಕ್ಷಣದವರೆಗೆ ತಿಳಿದಿರಲಿಲ್ಲ.

ಅಂದು ಹೋಳಿಗೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಕುಂಟಾಟಕ್ಕೆ ಓಣಿಯ ಹುಡುಗಿಯರು ಕರೆದರು, ಹೋಗಲಿಲ್ಲ. ಮಾಲೆಯನ್ನು ಸರಿಸಿ ನೋಡೋಣವೆಂದರೆ ಪೂಜೆಗಿಟ್ಟದ್ದು. ಒಂದಾದರೂ ಅಕ್ಷರ ಉಳಿದಿರಬಹುದೇ ಎಂದು ದೂರದಿಂದಲೇ ಬಗ್ಗಿ ಬಗ್ಗಿ ನೋಡಿದೆ. ಹೂವು ಬಾಡಿದಂತೆಲ್ಲ ಮಾಲೆ ಕುಗ್ಗುತ್ತಿತ್ತು. ಅಪ್ಪ ಎಂದೂ ನನ್ನನ್ನು ಹೊಡೆದವರಲ್ಲ. ಆದರೂ ಅವರ ಹೆಜ್ಜೆಯ ಸಪ್ಪಳ ಕೇಳಿದರೆ ಅಡಿಗೆಮನೆಗೆ ಸರಿದುಬಿಡುತ್ತಿದ್ದೆ. ಬೇರೆಯವರ ವಸ್ತುವನ್ನು ಕೆಡಿಸಿದವರೆಂದು ಊರು ಒಮ್ಮೆ ಆಡಿಕೊಂಡರೆ ಆ ಮೇಜಿಗೆ ಯಾರು ಬರುತ್ತಾರೆ ಎಂಬಷ್ಟು ಬುದ್ಧಿ ನನಗಾಗಲೇ ಬಂದಿತ್ತು.

ದಶಮಿಯ ಸಂಜೆ ಅಕ್ಕಾರು ಬಸ್ಸಿಳಿದು, ಸೆರಗಿನಲ್ಲಿ ಬನ್ನಿ ಎಲೆ ಕಟ್ಟಿಕೊಂಡು ಬಂದರು. ಅಪ್ಪ ಮಾಲೆ ತೆಗೆಯದೆಯೇ ರೈಲಿಗೆ ಕೀಲಿ ಕೊಟ್ಟು ನೆಲಕ್ಕೆ ಬಿಟ್ಟರು. ಅದು ಹೂವನ್ನು ಎಳೆದುಕೊಂಡು ಕಟಕಟ ಎನ್ನುತ್ತ ಅಕ್ಕಾರ ಪಾದದವರೆಗೆ ಓಡಿತು. ಅವರು ಬಾಯಿಗೆ ಕೈ ಅಡ್ಡ ಹಿಡಿದು ಚಿಕ್ಕ ಹುಡುಗಿಯಂತೆ ನಕ್ಕರು. ಎತ್ತಿಕೊಂಡರು. ಮಾಲೆ ಜಾರಿ ಕೆಳಗೆ ಬಿತ್ತು.

ಅವರ ಹೆಬ್ಬೆರಳು ಬರಿಯ ತಗಡಿನ ಮೇಲೆ ಹೋಯಿತು, ಬಂದಿತು, ಮತ್ತೆ ಹೋಯಿತು.

ಅಪ್ಪ ಅದನ್ನು ನೋಡಿದರು. ಆಮೇಲೆ, ಸೋಡಾದಿಂದ ಬಿಳಿಚಿ ಸಿಪ್ಪೆ ಎದ್ದಿದ್ದ ನನ್ನ ಬೆರಳುಗಳನ್ನು ನೋಡಿದರು.

“ನನ್ನ ಕೈಲೆ ಆತ್ರಿ ಅಕ್ಕಾರ. ಪೂಜಿ ಅಂತ ನಾನs ತಿಕ್ಕಿದ್ನಿ” ಎಂದರು ಅಪ್ಪ.

“ಹೇಳಿದ್ನೆಲ್ರಿ ಮಲ್ಲಪ್ಪಾರ.”

“ಹೇಳಿದ್ರಿ.”

“ಅವರ ಅಕ್ಷರ ಅಂತ ಇದೊಂದs ಉಳದಿತ್ರಿ.”

ಅಪ್ಪ ತಲೆ ತಗ್ಗಿಸಿ ನಿಂತರು. ‘ನಾನು’ ಎಂಬ ಒಂದು ಮಾತು ನನ್ನ ಬಾಯಲ್ಲಿತ್ತು. ಬೆರಳುಗಳನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡೆ. ಅಕ್ಕಾರು ರೈಲನ್ನು ಚೀಲದಲ್ಲಿಟ್ಟು, ಹಬ್ಬದ ದಿನವೆಂದು ಎಲ್ಲರಿಗೂ ಬನ್ನಿ ಕೊಟ್ಟರು. “ಬಂಗಾರದ್ಹಂಗ ಇರೂಣ್ರಿ” ಎಂದರು. ನಾನು ಅವರ ಕಾಲಿಗೆ ಬಿದ್ದೆ.

“ಯಾಕವಾ, ಹುಡುಗಿ ಮ್ಯಾಲ ಏಳವಲ್ಲಳು?” ಎಂದು ಅಕ್ಕಾರು ಅವ್ವನನ್ನು ಕೇಳಿದರು.

“ಜ್ವರ ಬಂದಾವ್ರಿ” ಎಂದಳು ಅವ್ವ.

ಅಪ್ಪ ಆ ಬಗ್ಗೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅಂದೇ ಅತ್ತು ಹಗುರಾಗುತ್ತಿದ್ದೆನೇನೋ. ಅಕ್ಕಾರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿಯಷ್ಟೇ ಬಂತು. ಮೇಜಿನ ಮೇಲೆ ಗಡಿಯಾರಗಳು ಬರುವುದು ಕಡಿಮೆಯಾಯಿತು. ಜನ ಹಾಳಾದದ್ದನ್ನು ಎಸೆದು ಹೊಸದನ್ನು ಕೊಳ್ಳತೊಡಗಿದ್ದೇ ಅದಕ್ಕೆ ಕಾರಣವೆಂದು ನನಗೆ ಗೊತ್ತು. ಆದರೂ ಮನಸ್ಸು ಒಪ್ಪುವುದಿಲ್ಲ. ಈಗ ಅಲ್ಲಿ ಮೇಜೇ ಇಲ್ಲ.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಕಚೇರಿಯಲ್ಲಿ ನಾಲ್ಕು ಜನರ ಮುಂದೆ ಮಾತಾಡಬಲ್ಲೆ. ಆ ಒಂದು ಮಾತಿಗೆ ಮಾತ್ರ ಇಷ್ಟು ವರ್ಷ ಬೇಕಾಯಿತು. ಹೋದ ದಸರೆಯಲ್ಲಿ ಅಪ್ಪನಿಗೆ ಬನ್ನಿ ಕೊಟ್ಟು ಹೇಳಿದೆ: “ಅಪ್ಪಾ, ಅಕ್ಕಾರ ರೈಲು ತಿಕ್ಕಿದಾಕಿ ನಾನು.”

“ಯಾವ ರೈಲವ್ವಾ?”

ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವರು ಕಣ್ಣು ಕಿರಿದು ಮಾಡಿ ಕೇಳಿದರು. ಕೊನೆಗೆ ಮುಖ ಅರಳಿತು.

“ಹಾಂ, ಕೀಲಿ ಕೊಡೂದು! ಅದರ ಸ್ಪ್ರಿಂಗ್ ಭಾಳ ಛಲೋ ಕುಂತಿತ್ತು ನೋಡು.”

ನಾನು ಕಾದೆ. ಅವರಿಗೆ ಮತ್ತೇನೂ ನೆನಪಾಗಲಿಲ್ಲ. ನಾನು ಯಾರ ಮುಂದೆ ತಪ್ಪೊಪ್ಪಿಕೊಳ್ಳಬೇಕಿತ್ತೋ ಆ ಇಬ್ಬರಲ್ಲಿ ಒಬ್ಬರು ಇಲ್ಲ. ಇನ್ನೊಬ್ಬರ ನೆನಪಿನಲ್ಲಿ ಆ ತಪ್ಪೇ ಉಳಿದಿಲ್ಲ. ರೈಲಿನ ಮೇಲೆ ಅಕ್ಕಾರ ಹೆಸರಿತ್ತೆಂದು ಬಲ್ಲವಳು ಈಗ ಅದನ್ನು ಅಳಿಸಿದವಳೊಬ್ಬಳೇ.