ಅತ್ತೆಯ ಕಣ್ಣು, ಕಾರಿನ ಕಿಟಕಿ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಸ್ವಿಚ್ಚು, ಫ್ಯೂಸು, ಮೋಟಾರು ಎಲ್ಲವನ್ನೂ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಮಕ್ಕಳಿಂದ ಒಪ್ಪಿಸಿಕೊಂಡು ಹದಿನೆಂಟು ವರ್ಷವಾಯಿತು. ಆದರೂ ಹೋದ ಆಷಾಢದಲ್ಲಿ, ಕೊರಟಗೆರೆ ದಾಟಿದ ಮೇಲೆ ನಮ್ಮ ಕಾರಿನ ಹಿಂದಿನ ಎಡಗಡೆ ಕಿಟಕಿಯ ಗಾಜು ಕೆಳಗಿಳಿದು ಕೂತುಬಿಟ್ಟಾಗ ಆ ವಿದ್ಯೆ ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಕಾರಿನಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ನಮ್ಮತ್ತೆ. ಹಿಂದಿನ ದಿನ ತುಮಕೂರಿನಲ್ಲಿ ಅವರ ಬಲಗಣ್ಣಿನ ಪೊರೆ ತೆಗೆದಿದ್ದರು. ಬೆಳಿಗ್ಗೆ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಹಾಕಿ, ಗಾಳಿ ಧೂಳು ನೀರು ಮೂರೂ ಸೋಕದಂತೆ ನೋಡಿಕೊಳ್ಳಿ ಎಂದು ಡಾಕ್ಟರು ನನಗೆ ಎರಡೆರಡು ಸಲ ಹೇಳಿ ಕಳಿಸಿದ್ದರು. ನಮ್ಮ ಮನೆ ವೈ.ಎನ್.ಹೊಸಕೋಟೆಯಲ್ಲಿ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ, ಉತ್ತ ಹೊಲದ ಕೆಂಪು ಮಣ್ಣೆಲ್ಲ ರಸ್ತೆಯ ಮೇಲೇ ಇರುತ್ತದೆ.

ಆ ಬಲಗಣ್ಣು ಅತ್ತೆಗೆ ಉಳಿದಿದ್ದ ಒಂದೇ ಕಣ್ಣು. ಎಡಗಣ್ಣಿಗೆ ಆರು ವರ್ಷದ ಹಿಂದೆ ಇದೇ ಆಪರೇಷನ್ ಆಗಿತ್ತು. ಅವತ್ತು ಕರೆದುಕೊಂಡು ಬರಲು ನಾನು ಹೋಗಬೇಕಿತ್ತು. ಪರೀಕ್ಷೆ ಡ್ಯೂಟಿ ಇದೆ, ಪಕ್ಕದ ಮನೆಯವಳ ಜೊತೆ ಬಸ್ಸಿನಲ್ಲಿ ಬಂದುಬಿಡಿ ಅಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದರು. ನಾಲ್ಕನೇ ದಿನ ಕಣ್ಣು ಕೆಂಡದ ಹಾಗಾಗಿ ಕೀವು ಕಟ್ಟಿತು. ಮತ್ತೆ ಆ ಕಣ್ಣಿಗೆ ಬೆಳಕು ಬರಲಿಲ್ಲ. ಮನೆಯಲ್ಲಿ ಒಬ್ಬರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳ ಆಡಿಯಾದರೂ ಹಗುರಾಗುತ್ತಿದ್ದೆ. ಅದಾದ ಮೇಲೆ ಡ್ರೈವಿಂಗ್ ಕಲಿತೆ, ಹಳೇ ಕಾರೊಂದನ್ನು ಕೊಂಡೆ. ಮೇಡಂಗೆ ಶೋಕಿ ಬಂತು ಅಂತ ಊರವರು ಆಡಿಕೊಂಡರು. ಇನ್ನೊಂದು ಕಣ್ಣಿನ ಕಾಲಕ್ಕೆ ಬೇಕಾಗುತ್ತದೆ ಎಂದು ಕೊಂಡಿದ್ದು ಅಂತ ನಾನೂ ಯಾರಿಗೂ ಹೇಳಲಿಲ್ಲ.

ಈಗ ಗಾಜಿನ ಸಂಗತಿ. ಮಧುಗಿರಿ ದಾರಿಯಲ್ಲಿ ಬೇವಿನ ಮರದ ಕೆಳಗೆ ಒಂದು ಮುನೇಶ್ವರನ ಗುಡಿ ಇದೆ. ಬಾಗಿಲಿಲ್ಲ, ಹೋಗುವವರಿಗೆಲ್ಲ ಕಾಣುವಂತೆ ದೊಡ್ಡ ಮೀಸೆ ಬಿಟ್ಟುಕೊಂಡು ಕೂತಿದ್ದಾನೆ. ಅಡ್ಡ ಗಾಜು ಇಟ್ಟುಕೊಂಡು ಕೈ ಮುಗಿದರೆ ದೇವರಿಗೆ ಮುಟ್ಟುವುದಿಲ್ಲ ಎಂಬುದು ನಮ್ಮತ್ತೆಯ ಕಾನೂನು. ಅವತ್ತು ಗಾಜು ಇಳಿಸಬೇಡಿ ಎಂದು ತುಮಕೂರಿನಲ್ಲೇ ಹೇಳಿದ್ದೆ. ಹೂಂ ಅಂದಿದ್ದರು. ನಾನು ಒಂದು ಲಾರಿಯನ್ನು ಹಿಂದೆ ಹಾಕುವ ಗಡಿಬಿಡಿಯಲ್ಲಿದ್ದಾಗ ಕತ್ತಿಗೆ ಗಾಳಿ ಬಡಿಯಿತು. ಕನ್ನಡಿಯಲ್ಲಿ ನೋಡುತ್ತೇನೆ, ಗಾಜು ಪೂರಾ ಕೆಳಗೆ, ಕಪ್ಪು ಕನ್ನಡಕ ಹಣೆಯ ಮೇಲೆ, ಎರಡೂ ಕೈ ಜೋಡಿಸಿ ಅತ್ತೆ ಮುನೇಶ್ವರನ ಕಡೆ ತಿರುಗಿದ್ದಾರೆ. ಕನ್ನಡಕ ಹಾಕ್ಕೊಳ್ಳಿ, ಗಾಜು ಏರಿಸಿ ಎಂದು ಕಿರುಚಿದೆ.

“ಏರಾಕಿಲ್ಲ ಕಣಮ್ಮ. ಆಗ್ಲಿಂದ ಒತ್ತುತಾನೆ ಇವ್ನಿ” ಅಂದರು.

ಕಾರು ಪಕ್ಕಕ್ಕೆ ಹಾಕಿದೆ. ನನ್ನ ಕಡೆಯ ಸ್ವಿಚ್ಚು ಎಳೆದೆ, ಇಲ್ಲ. ಇಳಿದುಹೋಗಿ ಹಿಂದಿನ ಬಾಗಿಲಿನದನ್ನೇ ಎಳೆದೆ, ಇಲ್ಲ. ಮಕ್ಕಳು ಗಾಜು ಇಳಿಸದಂತೆ ಮಾಡುವ ಲಾಕ್ ಗುಂಡಿ ಕೈ ತಗುಲಿ ಒತ್ತಿಹೋಗಿದೆಯೇನೋ ಎಂದು ನೋಡಿದೆ, ಸರಿಯಾಗೇ ಇತ್ತು. ಇಂಜಿನ್ ಆರಿಸಿ ಮತ್ತೆ ಹಚ್ಚಿದೆ. ಫ್ಯೂಸ್ ಡಬ್ಬಿ ತೆಗೆದು ಒಂದೊಂದೇ ಕಿತ್ತು ಬೆಳಕಿಗೆ ಹಿಡಿದೆ, ಎಲ್ಲದರ ತಂತಿಯೂ ಗಟ್ಟಿಯಾಗಿತ್ತು. ಸ್ವಿಚ್ಚು ಒತ್ತಿ ಹಿಡಿದುಕೊಂಡು ಬಾಗಿಲಿಗೆ ನಾಲ್ಕು ಗುದ್ದು ಗುದ್ದಿದೆ. ಗಾಜಿನ ಅಂಚು ಹಿಡಿದು ಮೇಲೆತ್ತೋಣ ಎಂದರೆ ಅದು ಬೆರಳಿಗೂ ಸಿಗದಷ್ಟು ಒಳಗೆ ಹೋಗಿತ್ತು. ಒಳಗಡೆ ಮೋಟಾರು ಒಂದು ಸಲ ಗುಂಯ್ ಅಂದಿದ್ದರೂ ಸಮಾಧಾನವಿರುತ್ತಿತ್ತು.

ಅಷ್ಟು ಹೊತ್ತೂ ನನ್ನ ಬಾಯಿ ಸುಮ್ಮನಿರಲಿಲ್ಲ. ಒಂದು ಕಣ್ಣು ಕಳೆದುಕೊಂಡದ್ದು ಸಾಲದೇ, ಮುನೇಶ್ವರ ಏನು ಇವತ್ತೇ ಊರು ಬಿಟ್ಟು ಹೋಗುತ್ತಿದ್ದನೇ, ಹೇಳಿದ ಮಾತು ಕೇಳಿದರೆ ಗಂಟೇನು ಹೋಗುತ್ತಿತ್ತು ಎಂದು ಬೈದೇ ಬೈದೆ. ಸಿಟ್ಟು ಬಂದರೆ ತೆಲುಗಿಗೆ ಇಳಿಯುವ ಅತ್ತೆ ಅವತ್ತು ಯಾವ ಭಾಷೆಯಲ್ಲೂ ತುಟಿ ಬಿಚ್ಚಲಿಲ್ಲ. ಆಮೇಲೆ ಮೆಲ್ಲಗೆ, ಬೇಕಾದರೆ ಇಲ್ಲಿಂದ ಬಸ್ಸು ಹತ್ತುತ್ತೇನೆ ಅಂದರು. ಬಸ್ಸಿನ ಮಾತು ಎತ್ತಬೇಡಿ ಎಂದು ಅದಕ್ಕೂ ರೇಗಿದೆ.

ಅವರನ್ನು ಬಲಗಡೆಗೆ ಕೂರಿಸಿ, ತಲೆಯ ಮೇಲಿಂದ ನನ್ನ ವೇಲು ಸುತ್ತಿ, ಕಿಟಕಿಗೆ ಆಸ್ಪತ್ರೆಯ ಹಾಸಿಗೆಗೆಂದು ಒಯ್ದಿದ್ದ ಬೆಡ್‌ಶೀಟ್ ಸಿಕ್ಕಿಸಿದೆ. ಎರಡು ಫರ್ಲಾಂಗು ಹೋಗುವುದರೊಳಗೆ ಬೆಡ್‌ಶೀಟ್ ಕಿತ್ತುಕೊಂಡು ಪಟಪಟ ಬಡಿಯತೊಡಗಿತು. ಎತ್ತಿನಗಾಡಿಯ ವೇಗದಲ್ಲಿ ಹೊರಟೆ. ಎದುರಿಗೆ ಲಾರಿ ಕಂಡರೆ ನಿಲ್ಲಿಸುವುದು, ಧೂಳು ಕೂತ ಮೇಲೆ ಹೊರಡುವುದು. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ಆ ಕಣ್ಣಿಗೆ ಏನಾದರೂ ಆದರೆ ನಾನು ಮನೆಗೆ ಯಾವ ಮುಖ ಹೊತ್ತು ಹೋಗಲಿ ಎಂಬ ಒಂದೇ ಯೋಚನೆ.

ಮಧುಗಿರಿ ಬೆಟ್ಟದ ಬುಡದಲ್ಲಿ, ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಗಾಡಿಗಳ ಕರೆಂಟ್ ಕೆಲಸ ಮಾಡುವ ಒಬ್ಬ ಸಾಹೇಬರಿದ್ದಾರೆ. ಮೂಲ ಸಿರಾದವರು, ವಯಸ್ಸಾದವರು. ಅತ್ತೆಯನ್ನು ನೋಡಿದವರೇ ಮೊದಲು ಅಂಗಡಿಯ ಒಳಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿ ಅರ್ಧ ಬಾಗಿಲು ಎಳೆದರು. ನಾನು ಫ್ಯೂಸು, ಲಾಕು ಎಂದು ಪಾಠ ಒಪ್ಪಿಸುತ್ತಿದ್ದರೆ ಕೇಳಿದ್ದು ಒಂದೇ, ಗಾಜು ಇಳಿಯುವಾಗ ಸಲೀಸಾಗಿ ಇಳಿಯಿತಾ ಎಂದು. ಹೌದಂತೆ ಅಂದೆ. ಹಾಗಾದರೆ ಮೋಟಾರು ಚೆನ್ನಾಗಿದೆ, ಏರುವ ಕರೆಂಟ್ ಮಾತ್ರ ಎಲ್ಲೋ ನಿಂತಿದೆ ಅಂದರು. ಹಿಂದಿನ ಬಲಬಾಗಿಲಿನ ಸ್ವಿಚ್ಚನ್ನು ಚಿಮ್ಮಿ ತೆಗೆದು, ಎಡಬಾಗಿಲಿನದನ್ನೂ ತೆಗೆದು, ಅದರ ಜಾಗಕ್ಕೆ ಇದನ್ನು ಸಿಕ್ಕಿಸಿ ಎಳೆದರು.

ಗಾಜು ಸರ್ರನೆ ಮೇಲೆ ಹೋಗಿ ಮುಚ್ಚಿಕೊಂಡಿತು. ಹೋದ ಜೀವ ಬಂತು. ಅಲ್ಲೇ ಇದ್ದ ಹಳೇ ಟಯರಿನ ಮೇಲೆ ಕೂತುಬಿಟ್ಟೆ.

ಸಾಹೇಬರು ಕೆಟ್ಟ ಸ್ವಿಚ್ಚಿನ ಹೊಟ್ಟೆ ಬಿಚ್ಚಿ ನನ್ನ ಮುಂದೆ ಹಿಡಿದರು. ಒಳಗೆಲ್ಲ ಕೆಂಪಗೆ, ಜಿಗುಟಾಗಿ, ಧೂಳು ಕಲೆತು ಗಟ್ಟಿಯಾದ ಅಂಟು. ಮುಂದೆ ನನ್ನ ಕಡೆ ಇರುವ ಸ್ವಿಚ್ಚು ಕೂಡ ಇದರ ಮೂಲಕವೇ ಕರೆಂಟ್ ಕೊಡುವುದರಿಂದ ಅದೂ ಸುಮ್ಮನಿತ್ತಂತೆ.

“ಕುಂಕುಮ ಯಾರು ಇಟ್ಟಿದ್ದು ಮೇಡಂ? ಎಣ್ಣೇಲಿ ಕಲ್ಸಿ ಇಟ್ಟವ್ರಲ್ಲ” ಅಂದರು.

ಇನ್ಯಾರು, ನಮ್ಮತ್ತೆ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಹೋದ ಆಯುಧಪೂಜೆ ನೆನಪಾಯಿತು. ಒಣ ಕುಂಕುಮ ಗಾಳಿಗೆ ಹಾರಿಹೋಗುತ್ತದೆ ಎಂದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದು ನಾನು. ಬಾನೆಟ್ಟಿಗೆ, ಚಕ್ರಕ್ಕೆ ಇಟ್ಟರೆ ಸಾಕು ಎಂದು ಅತ್ತೆ ಹೇಳುತ್ತಿದ್ದರೂ ಕೇಳದೆ, ಕೆಲಸ ಮಾಡುವ ಒಂದೊಂದಕ್ಕೂ ಸಲ್ಲಬೇಕೆಂದು ನಾಲ್ಕು ಬಾಗಿಲಿನ ಸ್ವಿಚ್ಚಿಗೂ ಬೊಟ್ಟಿಟ್ಟಿದ್ದೂ ನಾನೇ. ಅತ್ತೆ ಕೂರುವ ಜಾಗವೆಂದು ಅಲ್ಲಿಗೆ ಒಂದು ಬೊಟ್ಟು ಹೆಚ್ಚೇ ಇಟ್ಟಿದ್ದೆ. ವಿಜ್ಞಾನದ ಮೇಡಂ ಮಾಡಿದ ಕೆಲಸ ಇದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ ದಾರಿಯುದ್ದಕ್ಕೂ ಬೈದದ್ದು ಅತ್ತೆಯನ್ನು.

ಸಾಹೇಬರು ಅದನ್ನು ತೊಳೆದು, ಉಜ್ಜಿ, ಒಣಗಿಸಿ ಬಲಬಾಗಿಲಿಗೆ ಹಾಕಿಕೊಟ್ಟರು. ಅದೂ ನಡೆಯಿತು. ಮುಂದಿನ ಸಲ ಪೂಜೆ ಹೊರಗಡೆಯಿಂದಲೇ ಆಗಲಿ ಎಂದು ನಕ್ಕರು.

ಮಧುಗಿರಿ ಬಿಟ್ಟೆವು. ನಾಲ್ಕೂ ಗಾಜು ಮುಚ್ಚಿ ಕಾರಿನೊಳಗೆ ಸದ್ದೇ ಇರಲಿಲ್ಲ. ತಡೆಯಲಾರದೆ ಕುಂಕುಮದ ವಿಷಯ ಒಪ್ಪಿಕೊಂಡೆ. ಶುರುವಾದ ಮಾತು ನಿಲ್ಲಲಿಲ್ಲ. ಅವತ್ತು ನಾನು ಕರೆಯಲು ಬರಬೇಕಿತ್ತು ಅತ್ತೆ, ಬಸ್ಸಿಗೆ ಬನ್ನಿ ಅಂದು ನಿಮ್ಮ ಕಣ್ಣು ಕಳೆದೆ ಎಂದೂ ಹೇಳಿಬಿಟ್ಟೆ. ಆರು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತು.

ಅತ್ತೆ ಕಪ್ಪು ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಅಂದರು: “ಬಸ್ಸಿನಾಗೆ ಗಾಜು ಹಾಕೇ ಇತ್ತು ಕಣಮ್ಮ. ಪಕ್ಕದ್ಮನೆಯೋಳು ಭದ್ರವಾಗಿ ಹಾಕಿ ಕುಂಡ್ರಿಸಿದ್ಲು. ಅವಳು ತೂಕಡುಸ್ತಾ ಇದ್ಲು, ಅದೇ ಬೇವಿನ ಮರದ ಮುನಿಯಪ್ಪನ ಗುಡಿ ಬಂತು. ನಾನೇ ಸರಿಸ್ಬುಟ್ಟು ಕೈ ಮುಗ್ದೆ. ಆಮೇಲೆ ಎಳುದ್ರೆ ಬರ್ಲೇ ಇಲ್ಲ. ಊರು ಗಂಟ ಅಂಗೇ ಬಂದೆ.”

ನಾನು ಕಾರು ನಿಲ್ಲಿಸಿದೆ. ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನೀನು ಬೈತೀಯ ಅಂತ.”

ಸಿಟ್ಟು ಬಂತು, ನಗು ಬಂತು, ಕಣ್ಣಲ್ಲಿ ನೀರೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ. ಸ್ಟೇರಿಂಗಿಗೆ ತಲೆ ಇಟ್ಟು ಅತ್ತುಬಿಟ್ಟೆ. ನೀನೂ ಕಣ್ಣು ಉಜ್ಜಬೇಡ, ಡಾಕ್ಟ್ರು ಹೇಳವ್ರೆ ಎಂದು ಹಿಂದಿನಿಂದ ನನ್ನ ಭುಜ ತಟ್ಟಿದರು. ಆರು ವರ್ಷದ ಭಾರ ಆ ರಸ್ತೆಯ ಪಕ್ಕದಲ್ಲಿ ಇಳಿಯಿತು. ಆದರೆ ಬಲಗಣ್ಣಿನ ಚಿಂತೆ ಇನ್ನೂ ಇತ್ತು.

ವಾರವಿಡೀ ಬೆಳಿಗ್ಗೆ ಎದ್ದ ತಕ್ಷಣ ಅವರ ಕಣ್ಣು ಕೆಂಪಾಗಿದೆಯಾ ಎಂದು ನೋಡುವುದೇ ನನ್ನ ಕೆಲಸವಾಗಿತ್ತು. ಹೊತ್ತುಹೊತ್ತಿಗೆ ಡ್ರಾಪ್ಸ್ ಹಾಕಿದೆ. ವಾರದ ಮೇಲೆ ತುಮಕೂರಿಗೆ ಹೋದೆವು. ಡಾಕ್ಟರು ದೀಪ ಬಿಟ್ಟು ನೋಡಿ, ಕಣ್ಣು ಶುಭ್ರವಾಗಿದೆ, ಇನ್ನು ಹೆದರಿಕೆಯಿಲ್ಲ ಅಂದರು. ಅತ್ತೆ ಗೋಡೆಯ ಮೇಲಿನ ಅಕ್ಷರಗಳ ಬದಲು ಡಾಕ್ಟರ ಅಂಗಿಯ ಗುಂಡಿ ಒಂದು ಕಿತ್ತುಹೋಗಿರುವುದನ್ನು ಓದಿ ಹೇಳಿದರು.

ವಾಪಸ್ಸು ಬರುವಾಗ ಬೇವಿನ ಮರ ಕಂಡಿತು. ನಾನು ಕಾರು ನಿಧಾನ ಮಾಡಿ ಕನ್ನಡಿಯಲ್ಲಿ ನೋಡಿದೆ. ಅತ್ತೆಯ ಕೈ ಸ್ವಿಚ್ಚಿನ ತನಕ ಹೋಯಿತು. ಅಲ್ಲಿ ಸ್ವಲ್ಪ ನಿಂತು ವಾಪಸ್ಸು ಬಂತು. ಗಾಜಿನ ಒಳಗಿನಿಂದಲೇ ಕೈ ಮುಗಿದರು. ಮುಟ್ಟುತ್ತಾ ಅತ್ತೆ ಎಂದು ಕೇಳಿದೆ.

“ಮುಟ್ತೋ ಇಲ್ವೋ ಅವ್ನೇ ನೋಡ್ಕಳ್ಲಿ ಬುಡು. ನಂಗೆ ಅವ್ನ ಮೀಸೆ ಕಾಣುಸ್ತೈತೆ” ಅಂದರು.