ಹೊರಕಡೆ ಡಾಕ್ಟರಮ್ಮ

ಅವರ ಅಂಗೈ ಸದಾ ಬೆಚ್ಚಗಿರುತ್ತಿತ್ತು. ಸೂಜಿ ಕುದಿಸುವ ಪಾತ್ರೆ ಮೂಲೆಯ ಸೀಮೆಎಣ್ಣೆ ಸ್ಟೌವಿನ ಮೇಲೆ ಬೆಳಗಿನಿಂದ ಗುಳುಗುಳು ಎನ್ನುತ್ತಲೇ ಇರುತ್ತಿತ್ತು. ಯಾರದೇ ಹೊಟ್ಟೆ ಮುಟ್ಟುವ ಮೊದಲು ಡಾಕ್ಟರಮ್ಮ ಅದರ ಹಬೆಗೆ ಎರಡೂ ಕೈ ಹಿಡಿದು, ಒರೆಸಿ, ಉಜ್ಜಿಕೊಂಡು ಬರುತ್ತಿದ್ದರು. ತಣ್ಣನೆಯ ಕೈ ತಗುಲಿದರೆ ಹೊಟ್ಟೆ ಬಿಗಿದುಕೊಳ್ಳುತ್ತದೆ, ಬಿಗಿದ ಹೊಟ್ಟೆಯಿಂದ ಏನೂ ತಿಳಿಯುವುದಿಲ್ಲ ಎನ್ನುತ್ತಿದ್ದರು. ಉಗುರನ್ನು ಬುಡದವರೆಗೆ ಕತ್ತರಿಸಿರುತ್ತಿದ್ದರು. ಬಳೆ ತೊಡುತ್ತಿರಲಿಲ್ಲ. ಕುಣಿಗಲ್ಲಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಓದಿ, ಮದುವೆಯ ಗೊಡವೆಗೆ ಹೋಗದೆ ಗುಬ್ಬಿಗೆ ಬಂದು, ಹೆಂಚಿನ ಮನೆಯೊಂದರ ಮುಂಭಾಗದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದರು. ಹಿಂಭಾಗದಲ್ಲಿ ಅವರೂ ಒಬ್ಬ ನರ್ಸಮ್ಮನೂ ಇರುತ್ತಿದ್ದರು.

ಹೆಸರು, ಊರು ಕೇಳಿದ ಮೇಲೆ ಅವರ ಮುಂದಿನ ಪ್ರಶ್ನೆ ಎಲ್ಲರಿಗೂ ಒಂದೇ: ಹೊರಕಡೆ ಸರಿಯಾಗಿ ಆಗ್ತಿದೆಯಾ? ತಲೆನೋವು ಅಂತ ಬಂದವರಿಗೂ ಅದೇ, ಚೇಳು ಕಡಿಸಿಕೊಂಡು ಬಂದವರಿಗೂ ಅದೇ. ಮೀಸೆ ತಿರುವಿಕೊಂಡು ಬಂದ ಗಂಡಸರು ಈ ಪ್ರಶ್ನೆಗೆ ನೆಲ ನೋಡುತ್ತಿದ್ದರು. ಊರಿನ ಪಡ್ಡೆ ಹುಡುಗರು ಅವರಿಗೆ 'ಹೊರಕಡೆ ಡಾಕ್ಟರಮ್ಮ' ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಹೆಸರಿಟ್ಟವರೂ ಒಂದು ದಿನ ಬಂದೇ ಬರುತ್ತಾರೆ, ಆಗ ನೋಡಿಕೊಳ್ಳುತ್ತೇನೆ ಎಂದು ನಗುತ್ತಿದ್ದರಂತೆ.

ನಗು ಅಪರೂಪ, ಸಿಡುಕೇ ಹೆಚ್ಚು. ನಾನೇ ಒಮ್ಮೆ ಕಂಡದ್ದು: ಗುಬ್ಬಿಯ ನಿವೃತ್ತ ಮೇಷ್ಟ್ರೊಬ್ಬರು ದಿನಾ ಹೊಟ್ಟೆ ತೊಳೆದುಹೋಗದಿದ್ದರೆ ರಕ್ತ ಕೆಡುತ್ತದೆ ಎಂದು ನಂಬಿ, ರಾತ್ರಿ ಭೇದಿ ಮಾತ್ರೆ ನುಂಗಿಯೇ ಮಲಗುತ್ತಿದ್ದರು. ಈಗ ಮಾತ್ರೆಯೂ ಕೆಲಸ ಮಾಡುತ್ತಿಲ್ಲ, ಇನ್ನೂ ಜೋರಾದದ್ದು ಕೊಡಿ ಎಂದು ಬಂದಿದ್ದರು. ಡಾಕ್ಟರಮ್ಮ ಅವರನ್ನು ಮಕ್ಕಳನ್ನು ಗದರಿಸುವಂತೆ ಗದರಿಸಿದರು. "ದಿನಾ ಆಗಲೇಬೇಕು ಅಂತ ಯಾವ ಪುಸ್ತಕದಲ್ಲಿದೆ ಮೇಷ್ಟ್ರೇ? ಎರಡು ದಿನಕ್ಕೊಂದ್ಸಲ ಮೆತ್ತಗೆ, ಸಲೀಸಾಗಿ ಆದ್ರೆ ಅದು ಕಾಯಿಲೆ ಅಲ್ಲ. ದಿನಾ ಆಗಿ, ತಿಣುಕಿ ತಿಣುಕಿ ಕುರಿ ಹಿಕ್ಕೆ ಥರ ಬಿದ್ರೆ ಅದು ಕಾಯಿಲೆ. ನೀವು ಮಾತ್ರೆ ಹಾಕಿ ಹಾಕಿ ಕರುಳನ್ನ ಸೋಮಾರಿ ಮಾಡಿದೀರಿ." ಮೇಷ್ಟ್ರು ಮಾತ್ರೆಯಿಲ್ಲದೆ, ಸೊಪ್ಪು ತಿನ್ನುವ ಉಪದೇಶ ಕಟ್ಟಿಕೊಂಡು ಹೋದರು. ಈ ಹೆಂಗಸಿಗೆ ಬಾಯಿ ಜಾಸ್ತಿ ಎಂದು ಮೆಟ್ಟಿಲಿಳಿಯುವಾಗ ಗೊಣಗಿದ್ದೂ ನನಗೆ ಕೇಳಿಸಿತು.

ನಾನು ಡಾಕ್ಟರಮ್ಮನನ್ನು ಮೊದಲು ಕಂಡದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಮದುವೆಯಾಗಿ ವರ್ಷ ತುಂಬುವ ಮೊದಲೇ. ನಾನು ತುಮಕೂರಿನ ಹುಡುಗಿ. ನಮ್ಮದು ವಠಾರದ ಮನೆ. ನಾಲ್ಕು ಸಂಸಾರಕ್ಕೆ ಒಂದು ಕಕ್ಕಸು, ಬೆಳಿಗ್ಗೆ ಅದರ ಮುಂದೆ ಜಗಳ. ಆ ಜಗಳವೂ ಒಂದು ಭಾಗ್ಯ ಎಂದು ಗೊತ್ತಾದದ್ದು ಸಿ.ಎಸ್. ಪುರದ ಕಡೆಯ ಹಳ್ಳಿಗೆ ಸೊಸೆಯಾಗಿ ಹೋದ ಮೇಲೆ. ಅನುಕೂಲಸ್ಥ ಮನೆ, ತೆಂಗಿನ ತೋಟ, ಕೊಬ್ಬರಿ ಒಣಗಿಸುವ ಅಟ್ಟ, ಕೊಟ್ಟಿಗೆ ತುಂಬ ದನ. ಕಕ್ಕಸು ಮಾತ್ರ ಇರಲಿಲ್ಲ. ಊರಿನಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಗಂಡಸರು ಯಾವಾಗ ಬೇಕಾದರೂ ಚೆಂಬು ಹಿಡಿದು ಕೆರೆ ಕಡೆ ಹೋಗಿ ಬರುತ್ತಿದ್ದರು. ಹೆಂಗಸರು ನಸುಕು ಹರಿಯುವ ಮುಂಚೆ ಹೋಗಬೇಕು, ಇಲ್ಲವೇ ಕತ್ತಲಾದ ಮೇಲೆ. ನಡುವೆ ಏನೇ ಆದರೂ ತಡೆದುಕೊಳ್ಳಬೇಕು.

ತಡೆದುಕೊಳ್ಳುವ ವಿದ್ಯೆಯನ್ನು ಹೇಳಿಕೊಟ್ಟವರು ನಮ್ಮತ್ತೆ. ಅವರು ಕೆಟ್ಟವರಲ್ಲ. ನನ್ನ ಜಡೆಗೆ ತಾವೇ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಮನೆ ತುಂಬಿದ ಎರಡನೇ ದಿನವೇ ಪಕ್ಕಕ್ಕೆ ಕರೆದು, "ಹೊತ್ತು ಮುಳುಗೋಗಂಟ ನೀರು ಮುಟ್ಟಬೇಡ ಕಣವ್ವ, ಊಟ್ದಲ್ಲಿ ಒಂದ್ ಗುಟುಕು ಸಾಕು. ಆಮೇಲೆ ಪರದಾಡೋದು ತಪ್ಪುತ್ತೆ" ಎಂದರು. ಅವರ ಅತ್ತೆ ಅವರಿಗೆ ಹೇಳಿದ್ದು, ಅದನ್ನೇ ಅಕ್ಕರೆಯಿಂದ ನನಗೆ ಹೇಳಿದರು. ಒಳ್ಳೆ ಮನೆತನದ ಹೆಣ್ಣುಮಕ್ಕಳ ಲಕ್ಷಣ ಅದು ಎಂದು ಅವರು ನಿಜವಾಗಿಯೂ ನಂಬಿದ್ದರು. ನಾನೂ ಒಳ್ಳೆ ಮನೆತನದವಳೆನ್ನಿಸಿಕೊಳ್ಳಲು ಹೊರಟೆ. ನಸುಕಿನಲ್ಲಿ ನಾಲ್ಕಾರು ಹೆಂಗಸರ ಜೊತೆ ಹೋದರೆ ನನಗೆ ನಾಚಿಕೆಯಿಂದಲೇ ಏನೂ ಆಗುತ್ತಿರಲಿಲ್ಲ. ಬರಿ ಕೂತು ಎದ್ದು ಬರುತ್ತಿದ್ದೆ. ಮುದ್ದೆ ನುಂಗುವುದು ಬರುತ್ತಿರಲಿಲ್ಲ. ಕೊನೆಯ ಪಂಕ್ತಿಯಲ್ಲಿ ಕೂರುವ ಹೊತ್ತಿಗೆ ಸೊಪ್ಪಿನ ಸಾರು ತಳ ಕಂಡಿರುತ್ತಿತ್ತು. ಅನ್ನ ಮಜ್ಜಿಗೆ ಎರಡು ತುತ್ತು ತಿಂದು ಏಳುತ್ತಿದ್ದೆ.

ಕೆಲವೇ ತಿಂಗಳಲ್ಲಿ ಹೊಟ್ಟೆ ಉಬ್ಬರಿಸತೊಡಗಿತು. ವಾರಕ್ಕೊಮ್ಮೆ ಆದರೆ ಹೆಚ್ಚು. ಆಗ ಕಣ್ಣಲ್ಲಿ ನೀರು ಬರುತ್ತಿತ್ತು, ಆದ ಮೇಲೂ ಇನ್ನೂ ಉಳಿದಿದೆ ಅನ್ನಿಸುತ್ತಿತ್ತು. ತಲೆ ಸಿಡಿತ, ಬಾಯಿ ಕಹಿ, ಅನ್ನ ಕಂಡರೆ ವಾಕರಿಕೆ. ವಾಕರಿಕೆ ಎಂದ ಕೂಡಲೇ ಮನೆಯವರಿಗೆಲ್ಲ ಖುಷಿ. ಅತ್ತೆ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನೇ ನನ್ನ ಮುಂದಿಟ್ಟರು. ಮುಟ್ಟಾದಾಗ ಆ ಖುಷಿಯೆಲ್ಲ ಇಳಿಯಿತು. ಆಮೇಲೆ ಹರಳೆಣ್ಣೆ ಕುಡಿಸಿದರು. ಒಂದು ದಿನ ಹೊಟ್ಟೆ ಹರಿದುಹೋಗಿ ಮತ್ತೆ ಮೊದಲಿನಂತೆ ಕಟ್ಟಿಕೊಂಡಿತು. ಒಬ್ಬರು ವೈದ್ಯರು ಮುಖ ಬಿಳಿಚಿದೆ, ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಅದು ಶುರುವಾದ ಮೇಲಂತೂ ಕಲ್ಲು. ಕೊನೆಗೆ ಊರಿನ ಸೂಲಗಿತ್ತಿ ಹೊಟ್ಟೆ ಅಮುಕಿ ನೋಡಿ, ಎಡಗಡೆ ಗೆಡ್ಡೆ ಇದೆ ಎಂದುಬಿಟ್ಟಳು.

ಗೆಡ್ಡೆಯಿದ್ದ ಹುಡುಗಿಯನ್ನು ಮುಚ್ಚಿಟ್ಟು ಮದುವೆ ಮಾಡಿದ್ದಾರೆ ಎಂಬ ಮಾತು ಎದ್ದಿತು. ಮಾವನವರು ಕೂಗಾಡುವವರಲ್ಲ. ತೌರಿಗೆ ಕಳಿಸಿ, ಅವರೇ ಆಪರೇಷನ್ ಮಾಡಿಸಲಿ, ವಾಸಿಯಾದ ಮೇಲೆ ನೋಡೋಣ ಎಂದರು. ಹಾಗೆ ಕಳಿಸಿದ ಸೊಸೆಯಂದಿರು ತೌರಿನಲ್ಲೇ ಉಳಿದುಹೋದದ್ದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಗಂಡ ಅಪ್ಪನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ನನ್ನ ಟ್ರಂಕಿಗೆ ಸೀರೆಗಳನ್ನೆಲ್ಲ ತುಂಬಿದರು. ನನ್ನನ್ನು ಬಿಟ್ಟುಬರಲು ಗಂಡನೂ ಅತ್ತೆಯೂ ಹೊರಟರು. ತುಮಕೂರಿನ ಬಸ್ಸಿಗೆ ಗುಬ್ಬಿಯಲ್ಲಿ ಕಾಯುವಾಗ ನಾನು ನೋವಿಗೆ ಮಡಚಿಕೊಂಡು ಕೂತೆ. ಅತ್ತೆಗೆ ಗಾಬರಿಯಾಗಿ, ಇಲ್ಲೇ ಹೆಂಗಸು ಡಾಕ್ಟರಿದ್ದಾರಂತೆ, ತೋರಿಸಿಕೊಂಡೇ ಹೋಗೋಣ ಎಂದರು. ಹಾಗೆ ಟ್ರಂಕಿನ ಸಮೇತ ಕ್ಲಿನಿಕ್ಕಿನ ಜಗಲಿ ಹತ್ತಿದೆವು.

ಡಾಕ್ಟರಮ್ಮ ನನ್ನ ಗಂಡನನ್ನು ಹೊರಗೆ ಕೂರಿಸಿ, ನನ್ನನ್ನೂ ಅತ್ತೆಯನ್ನೂ ಒಳಗೆ ಕರೆದು ಬಾಗಿಲು ಹಾಕಿದರು. ಹೊರಕಡೆಯ ಪ್ರಶ್ನೆಗೆ ನಾನು ಆಗುತ್ತೆ ಎಂದೆ. ಅಷ್ಟಕ್ಕೆ ಬಿಡಲಿಲ್ಲ. ಎಷ್ಟು ದಿನಕ್ಕೆ, ಹೇಗಿರುತ್ತೆ, ಎಷ್ಟು ಹೊತ್ತು ಕೂರಬೇಕು, ಪೂರ್ತಿ ಆಯಿತು ಅನ್ನಿಸುತ್ತಾ, ರಕ್ತ ಬೀಳುತ್ತಾ, ಮದುವೆಗೆ ಮುಂಚೆ ಹೇಗಿತ್ತು. ಈ ಮಾತುಗಳನ್ನು ಬಾಯಿಬಿಟ್ಟು ಆಡಬಹುದು ಎಂದೇ ನನಗೆ ಗೊತ್ತಿರಲಿಲ್ಲ. ಯಾವ ಮಾತ್ರೆ ತಗೊಳ್ತಿದೀಯ ಎಂದು ಕೇಳಿ, ಕಬ್ಬಿಣದ ಮಾತ್ರೆಯ ಡಬ್ಬಿಯನ್ನು ತೆಗೆದಿಟ್ಟುಕೊಂಡರು. ಕತ್ತು ಸವರಿ ಗಂಟಲ ಬಳಿ ಊತವಿದೆಯೇ ನೋಡಿದರು. ಹೊಟ್ಟೆಯನ್ನು ಮೆಲ್ಲಗೆ ಒತ್ತುತ್ತಾ ಎಡಗಡೆಗೆ ಬಂದು, ಅಲ್ಲಿ ಬೆರಳೂರಿ ಸುಮ್ಮನೆ ನಿಂತರು. ಆಮೇಲೆ ಕೈಗೆ ಗ್ಲೌಸ್ ಹಾಕಿ, ಏನು ಮಾಡುತ್ತೇನೆಂದು ಮೊದಲೇ ಹೇಳಿ, ಪರೀಕ್ಷಿಸಿದರು.

"ಗೆಡ್ಡೆ ಒತ್ತಿದ್ರೆ ತಗ್ಗು ಬೀಳಲ್ಲ, ಇದು ಬೀಳುತ್ತೆ," ಎಂದರು. "ಇದು ಮಲ ಕಣಮ್ಮ. ತಿಂಗಳಾನುಗಟ್ಟಲೆ ತಡೆದು ತಡೆದು ಕಟ್ಟಿಕೊಂಡಿರೋದು."

ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ದಿನಕ್ಕೆ ಎಷ್ಟು ನೀರು ಕುಡಿಯುತ್ತೀಯ ಎಂದು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ, ಹೇಳಿಕೊಳ್ಳಲು ಹೆಮ್ಮೆಪಡುವಂಥ ದನಿಯಲ್ಲೇ, "ನಮ್ಮನೆ ಹೆಣ್ಮಕ್ಳು ಹಗಲೊತ್ತು ನೀರು ಕುಡಿಯಾಕಿಲ್ಲ ಡಾಕ್ಟ್ರಮ್ಮ" ಎಂದರು.

ಈಗ ಬೈಗುಳ ಸುರಿಯುತ್ತದೆ ಎಂದುಕೊಂಡೆ. ಡಾಕ್ಟರಮ್ಮ ಬೈಯಲಿಲ್ಲ. ಬಂದಾಗಿನಿಂದ ಅತ್ತೆ ಬೆಂಚಿನ ಮೇಲೆ ಒಂದೇ ಪಕ್ಕಕ್ಕೆ ಭಾರ ಹಾಕಿ, ಅಂಚಿನಲ್ಲಿ ಕೂತಿದ್ದರು. ಅದನ್ನು ಅವರು ಗಮನಿಸಿದ್ದರು. ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟು, "ನಿಮಗೆ ಎಷ್ಟು ವರ್ಷದಿಂದ ರಕ್ತ ಹೋಗ್ತಿದೆ?" ಎಂದರು.

ಅತ್ತೆ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದರು: "ಅದು ಹೆಂಗಸ್ರಿಗೆಲ್ಲಾ ಇದ್ದದ್ದೇ ಅಲ್ವಾ?"

ಆ ಮಾತು ಕೇಳಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಹೋಗಿಬಿಟ್ಟಿತು. ಮೊದಲ ಹೆರಿಗೆಯಾದಾಗಿನಿಂದ ಅನುಭವಿಸುತ್ತಿದ್ದರಂತೆ. ಗಂಡನಿಗೆ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ಅವರನ್ನೂ ಮಲಗಿಸಿ ಪರೀಕ್ಷೆ ಮಾಡಿದರು. ಮೂಲವ್ಯಾಧಿ ಇದ್ದೇ ಇದೆ, ಆದರೆ ಈ ವಯಸ್ಸಿನಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ, ದೊಡ್ಡ ಆಸ್ಪತ್ರೆಯಲ್ಲಿ ಒಳಗೆಲ್ಲ ನೋಡಿಸಲೇಬೇಕು ಎಂದರು. ನರ್ಸಮ್ಮ ನನಗೆ ಎನಿಮಾ ಕೊಟ್ಟು ಹಿತ್ತಲಿನ ಕಕ್ಕಸಿಗೆ ಕರೆದೊಯ್ದರು. ಆಚೆ ಬಂದಾಗ ಎಷ್ಟೋ ತಿಂಗಳ ಮೇಲೆ ಹಸಿವಾಗಿತ್ತು.

ಆಮೇಲೆ ನನ್ನ ಗಂಡನನ್ನು ಒಳಗೆ ಕರೆದರು. "ನಿನ್ನ ಹೆಂಡ್ತಿಗೆ ಗೆಡ್ಡೆನೂ ಇಲ್ಲ, ಏನೂ ಇಲ್ಲ. ಅವಳಿಗೆ ಕುಡಿಯೋಕೆ ನೀರು ಬೇಕು, ತಿನ್ನೋಕೆ ಸೊಪ್ಪು ತರಕಾರಿ ಬೇಕು, ಹೋಗೋಕೆ ಒಂದು ಬಾಗಿಲಿರೋ ಜಾಗ ಬೇಕು. ಮೊದಲ ಎರಡನ್ನ ನಾನು ಬರೆದುಕೊಡಬಹುದು. ಮೂರನೇದು ನೀನೇ ಕಟ್ಟಿಸಬೇಕು." ಕಟ್ಟಿಸದೆ ಮತ್ತೆ ಕರೆತಂದರೆ ಮೆಟ್ಟಿಲು ಹತ್ತಿಸುವುದಿಲ್ಲ ಎಂದೂ ಸೇರಿಸಿದರು. ಬೈಗುಳವನ್ನು ನನ್ನ ಗಂಡನಿಗೆ ಉಳಿಸಿಟ್ಟಿದ್ದರು ಅಂತ ಕಾಣುತ್ತದೆ.

ನಾವು ಮೂವರೂ ಜಗಲಿಗೆ ಬಂದೆವು. ತುಮಕೂರಿನ ಬಸ್ಸು ಬರುವ ಹೊತ್ತಾಗಿತ್ತು. ನನ್ನ ಗಂಡ ಯಾವ ಕಡೆ ಹೊರಡಬೇಕೆಂದು ತಿಳಿಯದೆ ತಾಯಿಯ ಮುಖ ನೋಡಿದರು. ಅತ್ತೆ ಅವರಿಗೆ, "ಟ್ರಂಕು ಎತ್ಕೊಳ್ಳಪ್ಪ, ಊರಿಗೆ ಹೋಗನ" ಎಂದರು.

ಮಾವನವರು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ದೇವರ ಮನೆಯಿರುವ ಕಡೆ ಕಕ್ಕಸೇ, ಊರವರು ಏನೆಂದಾರು ಎಂದರು. ಅತ್ತೆ ಎದುರಾಡಲಿಲ್ಲ. ಮರುದಿನ ನಡುಮಧ್ಯಾಹ್ನ ಅವರ ಎದುರಿಗೇ ನಿಂತು ಒಂದು ಚೆಂಬು ನೀರು ಗಟಗಟ ಕುಡಿದರು. ಬಾಯಿ ಒರೆಸಿಕೊಂಡು ಇನ್ನೊಂದು ಚೆಂಬು ತುಂಬಿ ನನ್ನ ಕೈಗೆ ಕೊಟ್ಟರು. "ಇನ್ ಮ್ಯಾಲೆ ನಾವು ಹಗಲೊತ್ತು ನೀರು ಕುಡೀತೀವಿ. ಎಲ್ಲಿಗೆ ಹೋಗ್ಬೇಕು ಅಂತ ನೀವೇ ಹೇಳಿ." ನಲವತ್ತು ತೆಂಗಿನ ಮರಕ್ಕೆ ಪಾತಿ ಮಾಡಿಸಿದ ಯಜಮಾನರು ಆ ದಿನ ಎದ್ದು ತೋಟಕ್ಕೆ ಹೋದರು. ಆದರೆ ಸುಗ್ಗಿಗೆ ಮುಂಚೆ ಕೊಟ್ಟಿಗೆಯ ಹಿಂದೆ ಗುಂಡಿ ತೋಡಿಸಿದರು. ನಮ್ಮೂರಿನ ಮೊದಲ ಕಕ್ಕಸು ಅದು. ಕೆಲವು ದಿನ ಅದನ್ನು ನೋಡಲು ನೆಂಟರು ಬರುವಂತೆ ಜನ ಬಂದರು.

ತುಮಕೂರಿನಲ್ಲಿ ನೋಡಿಸಿದಾಗ ಅತ್ತೆಯ ಕರುಳಿನೊಳಗೆ ಸಣ್ಣದೊಂದು ಗಂಟು ಸಿಕ್ಕಿತು. ಗೆಡ್ಡೆ ಇದ್ದದ್ದು ನನಗಲ್ಲ, ಅವರಿಗೆ. ಬೆಂಗಳೂರಿಗೆ ಕಳಿಸಿ ತೆಗೆಸಿದರು. ಹೊತ್ತಿಗೆ ಸರಿಯಾಗಿ ಬಂದಿರಿ, ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ವಾಸಿಯಾಗಿ ಬಂದ ಅತ್ತೆ ಮೊದಲು ಹೋದದ್ದು ಗುಬ್ಬಿಗೆ, ಒಂದು ಗೊನೆ ಬಾಳೆಹಣ್ಣು ಹೊರಿಸಿಕೊಂಡು. ಡಾಕ್ಟರಮ್ಮ ನಾಲ್ಕು ಹಣ್ಣು ಇಟ್ಟುಕೊಂಡು, ಉಳಿದದ್ದನ್ನು ಕಾಯುತ್ತಿದ್ದ ರೋಗಿಗಳಿಗೆಲ್ಲ ಹಂಚಿಸಿ, ಇದೇ ಔಷಧಿ, ತಿನ್ನಿ ಎಂದರು. ಆಮೇಲೆ ಎಷ್ಟೋ ವರ್ಷ ನಮ್ಮ ಕಡೆಯ ಹೆಂಗಸರನ್ನು ಅತ್ತೆಯೇ ಕೈಹಿಡಿದು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಹೇಳಲು ನಾಚಿದವರ ಪರವಾಗಿ ತಾವೇ ಎಲ್ಲ ಹೇಳುತ್ತಿದ್ದರು. ಅಷ್ಟು ಹೇಳೋದಾದ್ರೆ ನೀವೇ ಒಂದು ಬೋರ್ಡು ಹಾಕ್ಕೊಳ್ಳಿ ಎಂದು ಡಾಕ್ಟರಮ್ಮ ಛೇಡಿಸುತ್ತಿದ್ದರು.

ಎಂಬತ್ತರ ದಶಕದ ಕೊನೆಯಲ್ಲಿ, ಗೌರಿ ಹಬ್ಬ ಹತ್ತಿರವಿದ್ದಾಗ, ಡಾಕ್ಟರಮ್ಮ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಬಂದಾಗ ಅತ್ತೆ ಹಬ್ಬಕ್ಕೆಂದು ಮನೆ ಸಾರಿಸುತ್ತಿದ್ದರು. ಎದ್ದು, ಕೈ ತೊಳೆದು, ಗುಬ್ಬಿಗೆ ಹೋಗಿ ಮಣ್ಣಾಗುವವರೆಗೂ ಇದ್ದು ಬಂದರು. ಬಂದವರೇ ಈ ಸಲ ನಮ್ಮನೆಯಲ್ಲಿ ಹಬ್ಬವಿಲ್ಲ, ಸೂತಕ ಎಂದರು. ಪಕ್ಕದ ಮನೆಯಾಕೆ, ಡಾಕ್ಟರು ನಿಮಗೆ ಏನಾಗಬೇಕು, ಯಾವ ಕಡೆಯ ಸೂತಕ ಎಂದು ಕೇಳಿಯೇಬಿಟ್ಟಳು.

"ಹೆತ್ತವ್ವಂಗೂ ಹೇಳ್ದೆ ಇದ್ದದ್ದನ್ನ ಅವ್ರಿಗೆ ಹೇಳಿದ್ದೆ ಕಣವ್ವ," ಎಂದರು ಅತ್ತೆ. "ಸೂತಕಕ್ಕೆ ಇನ್ಯಾವ ನೆಂಟಸ್ತಿಕೆ ಬೇಕು?"

ಆ ವರ್ಷ ನಮ್ಮ ಮನೆಯಲ್ಲಿ ಗೌರಿಯನ್ನು ಕೂರಿಸಲಿಲ್ಲ.